ಯಂತ್ರದೊಳಗೆ ಹೋಗಿಬಂದ ಹುಳುಗಳು

ನನ್ನ ಕೆಲಸ ಹೋದದ್ದು ಹನ್ನೆರಡು ರೇಷ್ಮೆಹುಳು ಸತ್ತದ್ದರಿಂದ. ಹೀಗೆ ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ಬೇರೆ ಯಾರದೋ ಮನೆಯ ಕಥೆಯಾಗಿದ್ದರೆ ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ಇದು ನನ್ನ ಮನೆಯದು, ನನ್ನ ಹೊಟ್ಟೆಯದು, ನಾನು ಇಷ್ಟಪಟ್ಟು ಮಾಡುತ್ತಿದ್ದ ಕೆಲಸದ್ದು. ಐದು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದೇನೆ. ಇನ್ನು ಇಟ್ಟುಕೊಳ್ಳುವ ತಾಳ್ಮೆ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಗೌರಿಬಿದನೂರಿನ ಕಡೆ. ತವರಿನಲ್ಲಿ ಮುಸುಕಿನ ಜೋಳ, ನೆಲಗಡಲೆ. ರೇಷ್ಮೆಹುಳುವನ್ನು ಕೈಯಲ್ಲಿ ಮುಟ್ಟಿದ್ದು ಮದುವೆಯಾಗಿ ಶಿಡ್ಲಘಟ್ಟದ ಹತ್ತಿರದ ಈ ಹಳ್ಳಿಗೆ ಬಂದ ಮೇಲೆಯೇ. ಇಲ್ಲಿ ಗಂಡನಿಗೆ ಹಿಪ್ಪುನೇರಳೆ ತೋಟ, ಅತ್ತೆಗೆ ಹುಳುಮನೆ. ತೋಟದಲ್ಲಿ ಗಂಡನ ಮಾತು ಸ್ವಲ್ಪ ನಡೆಯುತ್ತದೆ. ಹುಳುಮನೆಯಲ್ಲಿ ಅತ್ತೆಯ ಮಾತು ಬಿಟ್ಟು ಇನ್ನೊಬ್ಬರ ಉಸಿರೂ ನಡೆಯುವುದಿಲ್ಲ.

ಹುಳುಮನೆಗೆ ಅದರದೇ ಕಟ್ಟಳೆ. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು, ಕೈ ತೊಳೆದು ಒಳಗೆ ಹೋಗಬೇಕು. ಮುಖಕ್ಕೆ ಪೌಡರ್ ಹಾಕಿರಬಾರದು. ಹೊಗೆಸೊಪ್ಪು ಹಾಕುವವರು ಹತ್ತಿರ ಸುಳಿಯಬಾರದು. ಇದೆಲ್ಲ ಸರಿಯೇ, ಹುಳು ಅಷ್ಟು ಸೂಕ್ಷ್ಮ. ನನಗೆ ಸಿಟ್ಟು ಬರುವುದು ಆಮೇಲಿನದಕ್ಕೆ. ಒಂದು ಬೆಳೆ ಕೆಟ್ಟಿತೆಂದರೆ ಈ ಕಡೆ ಮೊದಲು ಕೇಳುವ ಮಾತು, "ಒಳಗೆ ಯಾರು ಬಂದಿದ್ರು?" ತೇವ ಬಂದಿತ್ತು, ಸೆಕೆ ಬಂದಿತ್ತು, ತಂದ ಮೊಟ್ಟೆಯಲ್ಲೇ ರೋಗವಿತ್ತು ಎನ್ನುವುದೆಲ್ಲ ಆಮೇಲೆ. ಮೊದಲು ಒಬ್ಬರು ಸಿಗಬೇಕು. ಹುಡುಕಿದರೆ ಸಿಕ್ಕೇ ಸಿಗುತ್ತಾರೆ, ನಾನು ಕಂಡಂತೆ ಪ್ರತಿಸಲವೂ ಅದು ಯಾರಾದರೊಬ್ಬ ಹೆಂಗಸು. ಪಕ್ಕದ ಬೀದಿಯ ಹೊಸ ಸೊಸೆಯೊಬ್ಬಳು ಹುಳು ಗೂಡು ಕಟ್ಟುವ ಚಂದ್ರಿಕೆ ತಟ್ಟೆ ಕೇಳಲು ಬಂದು ಬಾಗಿಲಲ್ಲಿ ನಿಂತು ಹೋಗಿದ್ದಕ್ಕೆ, ಅವಳ ತಲೆಯ ಎಣ್ಣೆ ವಾಸನೆಗೇ ಇಡೀ ಬೆಳೆ ಹೋಯಿತೆಂದು ಒಂದು ವರ್ಷ ಅವಳನ್ನು ಮಾತಾಡಿಸದವರಿದ್ದಾರೆ.

ಆ ಮನೆಯಿಂದ ನಾನು ಕೆಲಸಕ್ಕೆ ಹೊರಟದ್ದು ವಿಮಾನ ನಿಲ್ದಾಣಕ್ಕೆ. ಡಿಗ್ರಿ ಓದಿದ್ದೆ, ಮುರುಕು ಹಿಂದಿ ಬರುತ್ತಿತ್ತು. ಒಂದು ಏಜೆನ್ಸಿಯವರು ತೆಗೆದುಕೊಂಡರು. ಊರಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸು, ಅಲ್ಲಿಂದ ಏಜೆನ್ಸಿಯ ವ್ಯಾನು. ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಂತು ಪ್ರಯಾಣಿಕರಿಗೆ ಟ್ರೇ ಕೊಡುವುದು, ಬೆಲ್ಟು, ವಾಚು, ಬಳೆ ತೆಗೆಸುವುದು, ಯಾವ ಸಾಲಿಗೆ ಹೋಗಬೇಕೆಂದು ತೋರಿಸುವುದು ನನ್ನ ಕೆಲಸ. ಮೈ ಮುಟ್ಟಿ ತಪಾಸಣೆ ಮಾಡುವವರು ಬೇರೆ. ದೊಡ್ಡ ಕೆಲಸವೇನಲ್ಲ. ಆದರೆ ಕಡುನೀಲಿ ಕೋಟು ಹಾಕಿ, ಕೂದಲು ಗಂಟು ಕಟ್ಟಿ, ಟಕಟಕ ಎನ್ನುವ ಶೂ ಹಾಕಿಕೊಂಡು ನಿಂತರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಸ್ಕಂದಗಿರಿ ಹತ್ತಿ ಇಳಿದು ಅದೇ ಕೆಸರು ಶೂಗಳಲ್ಲಿ ವಿಮಾನ ಹತ್ತಲು ಬರುವ ಹುಡುಗ ಹುಡುಗಿಯರು, ಮೊದಲ ಸಲ ವಿಮಾನ ನೋಡುತ್ತಿರುವ ಅಜ್ಜಿಯರು, ಸೂಟು ಹಾಕಿದ ದೊಡ್ಡ ದೊಡ್ಡ ಸಾಹೇಬರು, ಎಲ್ಲರೂ ನಾನು ನಿಲ್ಲಿ ಎಂದ ಕಡೆ ನಿಲ್ಲುತ್ತಿದ್ದರು. ಮನೆಯಲ್ಲಿ ನಾನು ಹೇಳಿದ ಕಡೆ ಬೆಕ್ಕು ಕೂಡ ಕೂರುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ವರ್ಷವೇ ಎರಡೂವರೆ ತಿಂಗಳಿನಲ್ಲಿ ಮೊದಲ ಬಸಿರು ಹೋಯಿತು. ಆಸ್ಪತ್ರೆಯಲ್ಲಿ, ಮೊದಲ ತಿಂಗಳುಗಳಲ್ಲಿ ಹೀಗೆ ಎಷ್ಟೋ ಜನರಿಗೆ ಆಗುತ್ತದೆ ಎಂದರು. ಅತ್ತಾಯಿತು, ಸುಧಾರಿಸಿಕೊಂಡೆ. ಆಗಿನ್ನೂ ಆ ಯಂತ್ರ ಬಂದೇ ಇರಲಿಲ್ಲ. ಈ ಒಂದು ವಾಕ್ಯವನ್ನು ನಾನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಯಾರ ಕಿವಿಗೂ ಬೀಳಲಿಲ್ಲ.

ಯಂತ್ರ ಬಂದದ್ದು ಅದರ ಮುಂದಿನ ವರ್ಷ. ಗಾಜಿನ ಗೂಡಂಗಡಿಯಷ್ಟು ದೊಡ್ಡದು. ಒಳಗೆ ನೆಲದ ಮೇಲೆ ಎರಡು ಹಳದಿ ಪಾದದ ಗುರುತು. ಅದರ ಮೇಲೆ ಕಾಲಿಟ್ಟು, ಕೈ ಎರಡೂ ಮೇಲೆತ್ತಿ ನಿಂತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೈಯೆಲ್ಲ ನೋಡಿ, ಪರದೆಯ ಮೇಲಿನ ಬೊಂಬೆಯಂಥ ಚಿತ್ರದಲ್ಲಿ ಅನುಮಾನದ ಜಾಗಕ್ಕೆ ಹಳದಿ ಚೌಕ ಹಾಕುತ್ತದೆ. ಇನ್ನೂ ಪರೀಕ್ಷೆಗೆಂದು ತಂದಿಟ್ಟದ್ದಾದ್ದರಿಂದ ಮೊದಲ ವಾರ ನಮ್ಮನ್ನೇ ಒಳಗೆ ಕಳಿಸಿ ನೋಡಿದರು. ಸೊಂಟಕ್ಕೆ ಬಾಚಣಿಗೆ ಸಿಕ್ಕಿಸಿಕೊಂಡು ಒಮ್ಮೆ, ಕಾಲುಚೀಲದಲ್ಲಿ ಪೆನ್ನಿಟ್ಟುಕೊಂಡು ಒಮ್ಮೆ, ಹೀಗೆ ದಿನಕ್ಕೆ ಹತ್ತು ಹದಿನೈದು ಸಲ. ನಾವು ನಗುತ್ತಾ ಹೋಗಿ ಬಂದೆವು. ಅದಾಗಿ ಎರಡು ತಿಂಗಳಿಗೆ ನನ್ನ ಎರಡನೆಯ ಬಸಿರೂ ಹೋಯಿತು.

ಮನೆಯಲ್ಲಿ ಆ ಯಂತ್ರದ ಬಗ್ಗೆ ನಾನೇ ಬಾಯಿಬಿಟ್ಟು ಹೇಳಿದ್ದೆ. ಅದೇ ತಪ್ಪಾಯಿತು. ಆಸ್ಪತ್ರೆಯಿಂದ ಬಂದ ಮೂರನೇ ದಿನ ಅತ್ತೆ ಕಾಫಿ ಲೋಟ ನನ್ನ ಮುಂದಿಟ್ಟು, "ಆ ಮಿಷನ್ನೇ ಕಣಮ್ಮ. ಇನ್ನೇನೂ ಅಲ್ಲ" ಎಂದರು. ಚಿಂತಾಮಣಿಯಿಂದ ನೋಡಲು ಬಂದಿದ್ದ ಅವರ ತಂಗಿ ತೆಲುಗಿನಲ್ಲಿ ಒಗ್ಗರಣೆ ಹಾಕಿದರು. ಆ ಕರೆಂಟು ನೇರವಾಗಿ ಹೊಟ್ಟೆಯೊಳಕ್ಕೇ ಹೋಗುತ್ತದಂತೆ, ಅವರ ಪಕ್ಕದ ಮನೆಯವರು ಫೋನಿನಲ್ಲಿ ವೀಡಿಯೊ ನೋಡಿದ್ದರಂತೆ. "ಅಯ್ಯೋ ಪಾಪಮು" ಎಂದು ನನ್ನ ಗಲ್ಲ ಸವರಿದರು. ಹುಳುಮನೆಯ ಪ್ರಶ್ನೆಯೇ ಈಗ ನನ್ನ ಹೊಟ್ಟೆಗೂ ಬಂದಿತ್ತು. ಒಳಗೆ ಬಂದದ್ದು ಯಾರೆಂದು ಗೊತ್ತಾಗಿಹೋಗಿತ್ತು.

ನನಗೆ ಭಯವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಭಯವಾಯಿತು, ಚೆನ್ನಾಗಿಯೇ ಆಯಿತು. ಬ್ಯಾಗು ನೋಡುವ ಯಂತ್ರ ಎಕ್ಸ್-ರೇ ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ಹಾಗಾದರೆ ಮನುಷ್ಯರನ್ನು ನೋಡುವ ಇದು ಏನು? ಇದೂ ಎಕ್ಸ್-ರೇಯೋ? ಯಾವಾಗಲೋ ಒಮ್ಮೆ ಹೋಗುವ ಪ್ರಯಾಣಿಕನ ಮಾತು ಬೇರೆ, ಎಂಟು ಗಂಟೆ ಅದರ ಪಕ್ಕದಲ್ಲಿ ನಿಲ್ಲುವ ನಮ್ಮ ಕಥೆಯೇನು? ಇಷ್ಟು ಸಣ್ಣ ಪ್ರಶ್ನೆ ಹಿಡಿದುಕೊಂಡು ನಾನು ಮೂವರ ಹತ್ತಿರ ಹೋದೆ.

ಮೊದಲು ಏಜೆನ್ಸಿಯ ಸೂಪರ್‌ವೈಸರ್. "ಎಲ್ಲ ಸೇಫ್ ಅಮ್ಮ, ತಲೆ ಕೆಡಿಸ್ಕೋಬೇಡ, ಕೆಲಸ ನೋಡು" ಎಂದ. ಸೇಫ್ ಎಂದು ನಿನಗೆ ಹೇಗೆ ಗೊತ್ತಪ್ಪ ಎಂದರೆ, ಮೇಲಿನವರು ಹೇಳಿದ್ದಾರೆ ಎಂದ. ಆಮೇಲೆ ಯಂತ್ರ ನೋಡಿಕೊಳ್ಳಲು ಬರುತ್ತಿದ್ದ ತಂತ್ರಜ್ಞ. ಅವನು ಸರ್ಟಿಫೈಡ್ ಮೇಡಂ, ಸರ್ಟಿಫೈಡ್ ಎಂದು ಎರಡು ಸಲ ಹೇಳಿ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಹೋದ. ಮೂರನೆಯವರು ಚಿಂತಾಮಣಿಯ ಒಬ್ಬ ಡಾಕ್ಟರು. ಅವರು ಅದು ಎಂಥ ಯಂತ್ರ ಎಂದು ಕೂಡ ಕೇಳಲಿಲ್ಲ. ಚೀಟಿಯ ಮೇಲಿಂದ ಕಣ್ಣೆತ್ತದೆ, "ಯಾಕಮ್ಮ ರಿಸ್ಕು? ಬಿಟ್ಬಿಡಿ" ಎಂದರು. ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. ಅವರಿಗೆ ಇಷ್ಟು ಸಾಕಾಗಿತ್ತು.

ಯಾಕೆ ರಿಸ್ಕು ಎನ್ನುವ ಆ ಎರಡು ಪದ ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹಾಗೆ ಹೇಳುವವರಿಗೆ ಯಾವತ್ತೂ ಏನೂ ಖರ್ಚಾಗುವುದಿಲ್ಲ. ಬಿಡುವವಳು ಇನ್ನೊಬ್ಬಳು. ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ ಎಂದು ಮೂವರಲ್ಲಿ ಒಬ್ಬರಾದರೂ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮೂರನೆಯ ಸಲ ಬಸಿರಾದಾಗ ನಾನೇ ಸೂಪರ್‌ವೈಸರ್ ಬಳಿ ಹೋಗಿ, ಬೇರೆ ಕಡೆ ಹಾಕಿ ಎಂದು ಕೇಳಿದೆ. ಕಾರಣ ಏನು ಎಂದ. ಮೂರು ತಿಂಗಳು ತುಂಬುವ ತನಕ ಹೊರಗಿನವರಿಗೆ ಬಸಿರಿನ ಸುದ್ದಿ ಹೇಳಕೂಡದು ಎಂದು ಅತ್ತೆ ನನ್ನಿಂದ ಮಾತು ತೆಗೆದುಕೊಂಡಿದ್ದರು. ಹೇಳಿದರೆ ದೃಷ್ಟಿಯಾಗುತ್ತದಂತೆ. ಹಿಂದಿನ ಎರಡು ಸಲ ನಾನು ಬಾಯಿ ತಡೆಯದೆ ಹೇಳಿಕೊಂಡಿದ್ದೆ ಎನ್ನುವ ಆರೋಪ ಬೇರೆ ಇತ್ತು. ಕಾಲುನೋವು ಎಂದೆ. ಕಾಲುನೋವಿಗೆಲ್ಲ ಜಾಗ ಬದಲಾಯಿಸಲು ಆಗುವುದಿಲ್ಲ ಎಂದ. ಅಲ್ಲಿ ನಿಂತರೆ ಅಪಾಯ ಎಂದು ಮನೆಯವರು, ಅಪಾಯ ಯಾಕೆಂದು ಹೇಳಬೇಡ ಎಂದೂ ಮನೆಯವರೇ. ನಾನು ಮತ್ತೆ ಅದೇ ಯಂತ್ರದ ಪಕ್ಕ ಹೋಗಿ ನಿಂತೆ.

ಆ ಹೊತ್ತಿಗೆ ನನ್ನ ಮೈದುನ ಹೈದರಾಬಾದಿಗೆ ಹೊರಟ. ಸ್ನೇಹಿತನ ಮದುವೆ. ಬಸ್ಸಿನಲ್ಲಿ ಹೋಗಬಹುದಿತ್ತು, ವಿಮಾನ ಹತ್ತಿ ನೋಡುವ ಆಸೆ. ಅವನು ಹೊರಟ ದಿನ ನನಗೆ ಬೆಳಗಿನ ಪಾಳಿ. ಅವನು ನಮ್ಮ ಸಾಲಿಗೇ ಬಂದಾಗ ನಾನು ಗುರುತು ಸಿಕ್ಕಂತೆ ಸ್ವಲ್ಪ ನಕ್ಕೆ, ಅವನು ಮುಖ ಬೇರೆ ಕಡೆ ತಿರುಗಿಸಿದ. ಮನೆಯಲ್ಲಿ ಅತ್ತಿಗೆ ಅತ್ತಿಗೆ ಎಂದು ಹಿಂದೆ ಮುಂದೆ ಸುತ್ತುವವನು ಇಲ್ಲಿ ಯಾಕೆ ಹೀಗೆ ಎಂದುಕೊಳ್ಳುವಷ್ಟರಲ್ಲಿ ಅವನು ಯಂತ್ರದೊಳಗೆ ಕೈ ಎತ್ತಿ ನಿಂತಿದ್ದ. ಪರದೆಯ ಬೊಂಬೆಯ ಎದೆಯ ಮೇಲೆ ಹಳದಿ ಚೌಕ ಬಿತ್ತು.

ಭದ್ರತಾ ಅಧಿಕಾರಿಗೆ ಹಿಂದಿ ಮಾತ್ರ ಬರುತ್ತಿತ್ತು. ಬನಿಯನ್ನಿನ ಒಳಜೇಬಿಂದ ಅವರು ತೆಗೆದದ್ದು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದಲ್ಲಿ ಸೂಜಿಯಿಂದ ಚುಚ್ಚಿದ ತೂತುಗಳು. ತೆರೆದರೆ ಎಳೆಯ ಹಿಪ್ಪುನೇರಳೆ ಎಲೆಯ ಮೇಲೆ ಹರಿದಾಡುವ ಹುಳುಗಳು. ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದರು. ಕೇಳಿ ಹೇಳು ಎಂದು ನನ್ನನ್ನೇ ಕರೆದರು.

"ಏನಿದು?" ಎಂದೆ, ಅಪರಿಚಿತನನ್ನು ಕೇಳಿದಂತೆ.

"ಅತ್ತಿಗೆ, ಅಮ್ಮ ಕೊಟ್ಟು ಕಳಿಸಿದ್ದು. ನಿಮಗೆ ಹೇಳ್ಬೇಡ ಅಂದಿದ್ರು" ಎಂದು ಅವನು ಎಲ್ಲರ ಎದುರು ಗಟ್ಟಿಯಾಗಿ ಹೇಳಿಬಿಟ್ಟ. "ಎರಡನೇ ಜ್ವರ ಎದ್ದ ಹುಳ. ಈ ಮಿಷನ್ ಒಳಗೆ ಹೋಗಿ ಬಂದ್ರೆ ಬದುಕ್ತವಾ ನೋಡಣ ಅಂತ. ಹುಳಕ್ಕೆ ಆಗದ್ದು ಮಗೂಗೆ ಆಗುತ್ತಾ ಅಂತ."

ಜ್ವರ ಎಂದರೆ ಹುಳು ಮೇವು ಬಿಟ್ಟು ನಿದ್ದೆಯಲ್ಲಿದ್ದು ಪೊರೆ ಕಳಚುವುದು. ಅದನ್ನು ಆ ಅಧಿಕಾರಿಗೆ ಹಿಂದಿಯಲ್ಲಿ ಹೇಗೆ ಹೇಳಲಿ? ಇವರು ರೇಷ್ಮೆ ಬೆಳೆಗಾರರು, ಬಂಧುಗಳಿಗೆ ಹುಳು ತೋರಿಸಲು ಒಯ್ಯುತ್ತಿದ್ದಾರೆ ಎಂದೆ. ಅಧಿಕಾರಿ ಡಬ್ಬಿಯನ್ನು ಎರಡು ಸಲ ತಿರುಗಿಸಿ ನೋಡಿ, ನಕ್ಕು ವಾಪಸ್ಸು ಕೊಟ್ಟರು. ಅತ್ತಿಗೆ ಎಂದದ್ದು, ಮಗು ಎಂದದ್ದು ಕನ್ನಡ ಬರುವ ನಮ್ಮ ಹುಡುಗಿಯರಿಗೆಲ್ಲ ಕೇಳಿಸಿತ್ತು. ಮೂರು ತಿಂಗಳು ಮುಚ್ಚಿಡಬೇಕಾದ ಸುದ್ದಿ ಅರ್ಧ ಗಂಟೆಯಲ್ಲಿ ಇಡೀ ಪಾಳಿಗೆ ಹಬ್ಬಿತು. ಊಟದ ಹೊತ್ತಿಗೆ ಸೂಪರ್‌ವೈಸರ್ ಕರೆದು, ನಿಮ್ಮ ಮನೆಯವರಿಗೆ ಸ್ವಲ್ಪ ಬುದ್ಧಿ ಹೇಳಿ ಎಂದ. ಆ ದಿನ ನನಗಾದ ಅವಮಾನ ನನ್ನ ಮದುವೆಯ ಎಂಟು ವರ್ಷದಲ್ಲಿ ಇನ್ನೊಮ್ಮೆ ಆಗಿಲ್ಲ.

ಮೈದುನ ಮಾರನೆಯ ದಿನ ಸಂಜೆಗೇ ವಾಪಸ್ಸು ಬಂದ. ಅತ್ತೆ ಜಗಲಿಯ ಮೇಲೆ ಸ್ಟೀಲು ತಟ್ಟೆ ಇಟ್ಟುಕೊಂಡು ಕಾದಿದ್ದರು. ಡಬ್ಬಿ ಬೋರಲು ಹಾಕಿದರು. ಹನ್ನೆರಡೂ ಸತ್ತಿದ್ದವು. ಕೊಂಕಿಕೊಂಡು, ಮೈ ಕುಗ್ಗಿ, ಎಲೆಯ ಮೇಲೆಲ್ಲ ಹಸಿರು ನೀರು ಕಕ್ಕಿಕೊಂಡು. ಅದೇ ಬೆಳೆಯ ಮಿಕ್ಕ ಹುಳುಗಳು ಹುಳುಮನೆಯಲ್ಲಿ ಚರಚರ ಎಂದು ಸೊಪ್ಪು ಮೇಯುತ್ತಿದ್ದವು. ಅತ್ತೆ ತಟ್ಟೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆಗೂ ಗಂಡನ ಕಡೆಗೂ ತಟ್ಟೆ ತಿರುಗಿಸಿ, "ನೋಡ್ಕೊಳ್ಳಿ. ನಾನು ಹೇಳಿದ್ರೆ ಮುದುಕಿ ಬಡ್ಕೋತಾಳೆ ಅಂತೀರಿ" ಎಂದರು.

ಗಂಡ ನನ್ನ ಮುಖ ನೋಡಲಿಲ್ಲ. "ಬಿಟ್ಬಿಡೇ ಈ ಕೆಲಸಾನ" ಎಂದರು. ಅವರದು ಒರಟು ದನಿಯಲ್ಲ, ಅಂಗಲಾಚುವ ದನಿ. ಅದಕ್ಕೇ ನನಗೆ ಎದುರಾಡಲು ಆಗಲಿಲ್ಲ. ಒರಟಾಗಿ ಹೇಳಿದ್ದರೆ ಜಗಳವಾಡಿ ಮಾರನೆಯ ದಿನ ಕೆಲಸಕ್ಕೆ ಹೋಗಿರುತ್ತಿದ್ದೆ. ಜೊತೆಗೆ ನಿಜ ಹೇಳಬೇಕೆಂದರೆ ಆ ತಟ್ಟೆ ನೋಡಿ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿತ್ತು. ಆ ವಾರವೇ ಕೆಲಸ ಬಿಟ್ಟೆ. ಕೋಟು, ಗುರುತಿನ ಚೀಟಿ ಏಜೆನ್ಸಿಗೆ ಒಪ್ಪಿಸಿ ಬರುವಾಗ ವ್ಯಾನಿನಲ್ಲಿ ಇಡೀ ದಾರಿ ಅಳುತ್ತಲೇ ಇದ್ದೆ.

ಮಗಳು ಹುಟ್ಟಿದಳು. ತಿಂಗಳು ತುಂಬಿ, ಗುಂಡಗೆ, ಗಂಟಲು ಬಿಚ್ಚಿ ಅಳುತ್ತಾ ಹುಟ್ಟಿದಳು. ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ತೊಟ್ಟಿಲಿಗೆ ಹಾಕಿದ ದಿನದಿಂದ ಇವತ್ತಿನ ತನಕ ಮನೆಗೆ ಬಂದವರಿಗೆಲ್ಲ ಅತ್ತೆ ಹೇಳುವುದು ಒಂದೇ, "ಕೆಲಸ ಬಿಟ್ಟಿದ್ದಕ್ಕೆ ಉಳೀತು ಮಗು." ಬಂದವರು ತಲೆಯಾಡಿಸುತ್ತಾರೆ. ಒಂಬತ್ತು ತಿಂಗಳು ಹೊತ್ತದ್ದು ನಾನು, ವಾಂತಿ ಮಾಡಿಕೊಂಡು ನೆಲ ಹಿಡಿದದ್ದು ನಾನು, ಹೆತ್ತದ್ದು ನಾನು. ಮಗುವನ್ನು ಉಳಿಸಿದ ಹೆಸರು ಮಾತ್ರ ರಾಜೀನಾಮೆ ಪತ್ರಕ್ಕೆ ಹೋಯಿತು.

ಕೆಲಸ ಬಿಟ್ಟವಳಿಗೆ ಇನ್ನೇನು, ಹುಳುಮನೆ. ಅತ್ತೆಗೆ ಮಂಡಿನೋವು ಜಾಸ್ತಿಯಾದ ಮೇಲೆ ಸೊಪ್ಪು ಕತ್ತರಿಸಿ ಹಾಕುವುದು, ಕಸ ತೆಗೆಯುವುದು, ಗೂಡು ಕಟ್ಟುವಷ್ಟು ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುವುದು, ಎಲ್ಲ ನನ್ನ ಮೇಲೆ ಬಿತ್ತು. ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹೇಳಿಕೊಡುತ್ತಿದ್ದರು. ಅವರಷ್ಟು ಚೆನ್ನಾಗಿ ಯಾವ ಮೇಷ್ಟರೂ ಕಲಿಸಲಾರರು, ಅದನ್ನು ಒಪ್ಪುತ್ತೇನೆ. ಹಾಲುಬಣ್ಣಕ್ಕೆ ತಿರುಗಿದರೆ ಒಂದು ರೋಗ, ಸುಣ್ಣದ ಕಡ್ಡಿಯಂತೆ ಗಟ್ಟಿಯಾದರೆ ಇನ್ನೊಂದು ರೋಗ, ಹಸಿವಿನಿಂದ ಸತ್ತರೆ ಸೊರಗಿ ದಾರದಂತಾಗುತ್ತದೆ. ಸತ್ತ ಹುಳು ನೋಡಿ ಸಾವಿನ ಕಾರಣ ಹೇಳುವುದು ಅವರಿಗೆ ನೀರು ಕುಡಿದಷ್ಟು ಸುಲಭ.

ಹೋದ ವರ್ಷ ನಮ್ಮ ತೋಟದ ಪಕ್ಕದವರು ಟೊಮೆಟೊಗೆ ಮದ್ದು ಹೊಡೆದರು. ಗಾಳಿ ನಮ್ಮ ಕಡೆಗಿತ್ತು. ನಾನು ತಿಳಿಯದೆ ಆ ಅಂಚಿನ ಸೊಪ್ಪು ಕುಯ್ದು ತಂದು ಹಾಕಿದೆ. ಸಂಜೆಯೊಳಗೆ ಎರಡು ತಟ್ಟೆಯ ಹುಳು ತಲೆ ಆಡಿಸುತ್ತಾ, ಕೊಂಕಿಕೊಂಡು, ಹಸಿರು ನೀರು ಕಕ್ಕಿ ಸತ್ತವು. ಒಂದು ಹುಳುವನ್ನು ಅಂಗೈಯಲ್ಲಿಟ್ಟು ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

"ಮದ್ದು ತಾಕೈತೆ" ಎಂದರು. "ಹಸಿರು ಕಕ್ಕಿ ಮುದುಡ್ಕೊಂಡ್ರೆ ಮದ್ದೇ. ಬೇರೆ ಯಾವುದಕ್ಕೂ ಹಿಂಗೆ ಸಾಯಲ್ಲ."

ನಾನು ಅಂಗೈ ಮುಚ್ಚಿಕೊಂಡು ಅಲ್ಲೇ ನಿಂತೆ. ಜಗಲಿಯ ಮೇಲಿನ ಆ ಸ್ಟೀಲು ತಟ್ಟೆ ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ಅಲ್ಲಿ ಬಿದ್ದಿದ್ದದ್ದೂ ಹೀಗೇ, ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ.

ಅವತ್ತೇ ಮೈದುನನನ್ನು ಹಿತ್ತಲಿಗೆ ಕರೆದು ಕೇಳಿದೆ, "ಹೈದರಾಬಾದಲ್ಲಿ ಆ ಡಬ್ಬಿ ಎಲ್ಲಿಟ್ಟಿದ್ದೆಯಪ್ಪ?"

"ಲಾಡ್ಜ್ ರೂಮಲ್ಲಿ ಅತ್ತಿಗೆ. ಮಂಚದ ಪಕ್ಕ ಟೇಬಲ್ ಮೇಲೆ."

"ಸೊಳ್ಳೆ ಇರ್ಲಿಲ್ವಾ?"

"ಅಯ್ಯೋ, ವಿಪರೀತ. ಅಲ್ಲೇ ಗೋಡೆಗೆ ಸೊಳ್ಳೆ ಲಿಕ್ವಿಡ್ ಹಾಕಿದ್ರು, ಅದು ಆನ್ ಮಾಡ್ಕೊಂಡ್ ಮೇಲೇ ನಿದ್ದೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ನಮ್ಮೂರಿನಲ್ಲಿ ಹುಳು ಸಾಕುವ ಯಾವ ಮನೆಯಲ್ಲೂ ಸೊಳ್ಳೆಬತ್ತಿ ಹಚ್ಚುವುದಿಲ್ಲ, ಸೊಳ್ಳೆಗೆ ಹಾಕಿದ್ದು ಮೊದಲು ಹುಳುವನ್ನು ತೆಗೆಯುತ್ತದೆ. ಸೊಳ್ಳೆಪರದೆ ಕಟ್ಟಿಕೊಂಡೇ ಬೆಳೆದವನು ಪರವೂರಿನ ಲಾಡ್ಜಿನಲ್ಲಿ ಅದನ್ನು ಮರೆತಿದ್ದ. ನಮ್ಮಂಥವರ ಮನೆಯಲ್ಲಿ ಮಾತ್ರ ಆಗಬಹುದಾದ ತಪ್ಪು. ಹುಳುವಿನಿಂದ ಪರೀಕ್ಷೆ ಮಾಡುವ ಬುದ್ಧಿ ನಮಗೇ ಬರಬೇಕು, ಆ ಪರೀಕ್ಷೆಯನ್ನು ಕೆಡಿಸುವುದೂ ನಮ್ಮಿಂದಲೇ ಆಗಬೇಕು.

ಅದೇ ತಿಂಗಳು ಅತ್ತೆಯ ಮಂಡಿಯ ಎಕ್ಸ್-ರೇಗೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆವು. ಅವರನ್ನು ಒಳಗೆ ಮಲಗಿಸಿ ಹೊರಗೆ ಕಾಯುವಾಗ ಅಲ್ಲಿನ ಡಾಕ್ಟರಮ್ಮನನ್ನು ಆ ಹಳೆಯ ಪ್ರಶ್ನೆ ಕೇಳಿದೆ. ಅವರು ಯಂತ್ರ ಹೇಗಿತ್ತು, ಏನು ಮಾಡುತ್ತಿತ್ತು ಎಂದೆಲ್ಲ ಮೊದಲು ನನ್ನನ್ನೇ ಕೇಳಿದರು. ಆಮೇಲೆ ಹೇಳಿದರು. ಬ್ಯಾಗಿನ ಯಂತ್ರ ಎಕ್ಸ್-ರೇ, ಅದಕ್ಕೇ ಅದರ ಬಾಯಿಗೆ ಆ ದಪ್ಪ ಪರದೆ ಇರುವುದು. ನೀವು ಹೇಳುವ ಮನುಷ್ಯರ ಯಂತ್ರ ಎಕ್ಸ್-ರೇ ಅಲ್ಲ. ತೀರಾ ದುರ್ಬಲವಾದ ರೇಡಿಯೊ ಅಲೆಗಳು, ಬಟ್ಟೆ ದಾಟಿ ಚರ್ಮದ ಮೇಲಿಂದಲೇ ವಾಪಸ್ಸು ಬರುತ್ತವೆ, ಹೊಟ್ಟೆಯೊಳಗಿನ ಮಗುವಿನ ತನಕ ಹೋಗುವುದಿಲ್ಲ. ಹೊರದೇಶಗಳಲ್ಲಿ ಹಿಂದೆ ಎಕ್ಸ್-ರೇಯ ಇನ್ನೊಂದು ಬಗೆ ಇತ್ತು, ಅದರಲ್ಲೂ ಪ್ರಮಾಣ ತೀರಾ ಕಡಿಮೆ, ಆದರೆ ನಿಮ್ಮದು ಅದಲ್ಲ. ಭಯವಿದ್ದವರು ಕೈಯಿಂದ ತಪಾಸಣೆ ಮಾಡಿ ಎಂದು ಕೇಳಬಹುದು. ಕೇಳಿದ್ದು ಒಳ್ಳೆಯದೇ ಮಾಡಿದಿರಿ ಎಂದೂ ಸೇರಿಸಿದರು.

ಇಷ್ಟಕ್ಕೆ ಅವರಿಗೆ ಎರಡು ನಿಮಿಷ ಬೇಕಾಯಿತು. ಎರಡೇ ನಿಮಿಷ. ಆ ಮೂವರು ಮಹಾನುಭಾವರಲ್ಲಿ ಯಾರೊಬ್ಬರ ಹತ್ತಿರವೂ ಅದು ಇರಲಿಲ್ಲ. ನಾನು ಡಾಕ್ಟರಮ್ಮನಿಗೆ ಕೈಮುಗಿದು ಹೊರಗೆ ಬಂದು, ಆಸ್ಪತ್ರೆಯ ಕಾಂಪೌಂಡಿನ ಬೇವಿನ ಮರದ ಕೆಳಗೆ ನಿಂತು ಹಲ್ಲು ಕಚ್ಚಿಕೊಂಡು ಅತ್ತುಬಿಟ್ಟೆ. ದುಃಖಕ್ಕಲ್ಲ, ಕೋಪಕ್ಕೆ.

ಆದರೂ ಅತ್ತೆಗೆ ಸಂಶಯದ ಲಾಭ ಕೊಡುವ ಮನಸ್ಸು ನನಗಿತ್ತು. ಎರಡು ಸಲ ಕಳೆದುಕೊಂಡ ಮನೆ, ಹೆದರಿದ್ದರು, ಆ ಹೆದರಿಕೆಯಲ್ಲಿ ಅವರಿಗೂ ಕಣ್ಣು ಮಂಜಾಗಿರಬೇಕು, ಮದ್ದಿನ ಸಾವೆಂದು ಹೊಳೆಯಲಿಲ್ಲವೇನೋ ಎಂದುಕೊಂಡೆ. ಯಾವತ್ತೂ ಒಳಗೆ ಯಾರು ಬಂದಿದ್ರು ಎಂದು ಕೇಳುವವರು ಆ ಸಂಜೆ ಮಾತ್ರ ಡಬ್ಬಿಯನ್ನು ಎಲ್ಲಿಟ್ಟಿದ್ದೆ ಎಂದು ಮಗನನ್ನು ಒಂದು ಮಾತೂ ಕೇಳಿರಲಿಲ್ಲ. ಅದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಮಂಡಿಗೆ ಆಪರೇಷನ್ ಆಗಿ ಒಳಗೆ ಲೋಹ ಕೂರಿಸಿಕೊಂಡು ಮಲಗಿದ್ದ ಮುದುಕಿಯನ್ನು ಎಬ್ಬಿಸಿ ಕೂರಿಸಿ ಕೇಳುವುದು ಹೇಗೆಂದು ಸುಮ್ಮನಿದ್ದೆ.

ಈ ವರ್ಷ ಅತ್ತೆಗೆ ಕಾಶಿ ನೋಡುವ ಆಸೆ. ರೈಲಿನಲ್ಲಿ ಅಷ್ಟು ದೂರ ಕೂರಲಾರರು, ವಿಮಾನ ಎಂದು ಗಂಡ ನಿರ್ಧರಿಸಿದರು. ಗಂಡ, ನಾನು, ಅತ್ತೆ, ಮಗಳು. ಐದು ವರ್ಷದ ಮೇಲೆ ನಾನು ಆ ಸಾಲಿಗೆ ಮತ್ತೆ ಹೋದೆ, ಈ ಸಲ ಟ್ರೇ ತೆಗೆದುಕೊಳ್ಳುವವಳಾಗಿ. ನಾನು ನಿಲ್ಲುತ್ತಿದ್ದ ಜಾಗದಲ್ಲಿ ಚೆಂದದ ಹುಡುಗಿಯೊಬ್ಬಳು ನಿಂತಿದ್ದಳು. ನಾನು ಮೊದಲು ತಪಾಸಣೆ ಮುಗಿಸಿ ಆಚೆ ಬಂದು, ಅತ್ತೆಯ ಊರುಗೋಲು ಬರುವುದನ್ನು ಕಾಯುತ್ತಾ ತಿರುಗಿ ನೋಡಿದೆ.

ಅತ್ತೆ ಬಾಗಿಲಿನಂಥ ಚೌಕಟ್ಟು ದಾಟಿದರು, ಮಂಡಿಯ ಲೋಹಕ್ಕೆ ಅದು ಕೂಗಿತು. ಅಲ್ಲಿದ್ದ ಮಹಿಳಾ ಅಧಿಕಾರಿ, ಅಜ್ಜಿ, ಇದರೊಳಗೆ ಬನ್ನಿ ಎಂದು ಸ್ಕ್ಯಾನರ್ ತೋರಿಸಿದರು. ಈಗ ಇವರು ಬೊಬ್ಬೆ ಹಾಕುತ್ತಾರೆ, ಕಾಶಿಯೂ ಬೇಡ, ಏನೂ ಬೇಡ ಎಂದು ವಾಪಸ್ಸು ತಿರುಗುತ್ತಾರೆ ಎಂದುಕೊಂಡೆ. ಅತ್ತೆ ಅದೇ ಗಾಜಿನ ಯಂತ್ರವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಪಕ್ಕದಲ್ಲಿ ಅವರ ಸೆರಗು ಹಿಡಿದುಕೊಂಡಿದ್ದ ನನ್ನ ಮಗಳು ಕೈ ಬಿಡಲೊಲ್ಲೆ ಎಂದು ರಚ್ಚೆ ಹಿಡಿದಳು.

"ಇವಳೂ ನನ್ನ ಜೊತೆಗೇ ಬರ್ಲಿ ಬಿಡಿ" ಎಂದರು ಅತ್ತೆ. "ಏನೂ ಆಗಲ್ಲ, ಬಾ ಚಿನ್ನ."

ಒಬ್ಬರೇ ಬರಬೇಕು ಎಂದು ಅಧಿಕಾರಿ ಮಗುವನ್ನು ಪಕ್ಕಕ್ಕೆ ಕರೆದುಕೊಂಡರು. ಅತ್ತೆ ಕುಂಟುತ್ತಾ ಒಳಗೆ ಹೋಗಿ, ಹಳದಿ ಪಾದಗಳ ಮೇಲೆ ನಿಂತು, ಎರಡೂ ಕೈ ಎತ್ತಿ, ಮೊಮ್ಮಗಳಿಗೆ ನಗು ತೋರಿಸಿದರು.

ಸಂಶಯದ ಲಾಭವೆಲ್ಲ ಅಲ್ಲಿಗೆ ಮುಗಿಯಿತು. ಗಂಡ ಮಗಳನ್ನು ಕರೆದುಕೊಂಡು ವಿಮಾನ ತೋರಿಸಲು ಗಾಜಿನ ಗೋಡೆಯ ಕಡೆ ಹೋದರು. ನಾನು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಎದುರಿಗೇ ನಿಂತೆ.

"ಆ ಹುಳ ಮದ್ದಿಗೆ ಸತ್ತಿದ್ದು ಅಂತ ನಿಮಗೆ ಗೊತ್ತಿತ್ತಾ ಅತ್ತೆ?"

ಯಾವ ಹುಳ ಎಂದು ಅವರು ಕೇಳಲಿಲ್ಲ. ಮಂಡಿ ನೀವಿಕೊಂಡರು.

"ತಟ್ಟೆಗೆ ಬಿದ್ದ ಕ್ಷಣಾನೇ ಗೊತ್ತಾಯ್ತು" ಎಂದರು. "ಮೂವತ್ತು ವರ್ಷ ಹುಳ ಸಾಕಿದೀನಿ, ಗೊತ್ತಾಗಲ್ವೇನಮ್ಮ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಊರವರೆಲ್ಲ ನಿನ್ನ ಮೈಯಲ್ಲೇ ಏನೋ ದೋಷ ಐತೆ ಅಂತಿದ್ರು. ಮಗನಿಗೆ ಇನ್ನೊಂದು ಮದುವೆ ಮಾಡು ಅಂತ ನನ್ನ ತಂಗಿಯೇ ಹೇಳಿದ್ಲು. ಮಿಷನ್ ಮೇಲೆ ಹಾಕಿದ್ದಕ್ಕೆ ಅವರ ಬಾಯಿ ಮುಚ್ತು. ನೀನು ಕಣ್ಣ ಮುಂದೆ ಮನೇಲಿದ್ರೆ ನಂಗೂ ಧೈರ್ಯ ಅಂತ."

ಇದು ನನಗೆ ಗೊತ್ತಿರಲಿಲ್ಲ. ಆದರೆ ಕೋಪ ಇಳಿಯಲಿಲ್ಲ. ನನ್ನನ್ನು ಕಾಪಾಡುವುದಕ್ಕೂ ಇವರಿಗೆ ಬೇಕಾಗಿದ್ದದ್ದು ನನ್ನ ಕೆಲಸವೇ? ಊರವರ ಬಾಯಿ ಮುಚ್ಚಿಸಲು ನನ್ನ ಬಾಯಿಯನ್ನೇ ಮುಚ್ಚಬೇಕಿತ್ತೇ?

"ಊರವರಿಗೆ ಮಿಷನ್ ಅಂತ್ಲೇ ಹೇಳಿ. ನನಗೊಬ್ಬಳಿಗೆ ನಿಜ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀನು ಮಾರನೇ ದಿನಾನೇ ಕೆಲಸಕ್ಕೆ ಹೋಗ್ತಿದ್ದೆ."

"ಹೂಂ, ಹೋಗ್ತಿದ್ದೆ" ಎಂದೆ. ದನಿ ಎಷ್ಟು ಜೋರಾಯಿತೆಂದರೆ ಪಕ್ಕದ ಕುರ್ಚಿಯವರು ತಿರುಗಿ ನೋಡಿದರು. "ಹೋಗ್ತಿದ್ದೆ, ಬರ್ತಿದ್ದೆ. ಆಗಲೂ ನಿಮ್ಮ ಮೊಮ್ಮಗಳು ಹುಟ್ತಿದ್ಲು ಅತ್ತೆ. ಇದೇ ಮಗು, ಇಷ್ಟೇ ಗುಂಡಗೆ."

ಅತ್ತೆ ಗಾಜಿನ ಗೋಡೆಗೆ ಮೂಗು ಒತ್ತಿ ನಿಂತಿದ್ದ ನನ್ನ ಮಗಳ ಕಡೆಗೇ ನೋಡುತ್ತಾ ಕೂತರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಅವರನ್ನು ಸಮಾಧಾನ ಮಾಡಲಿಲ್ಲ.